ತೋಟವೂ ಬೇಲಿಯೂ: ಸ್ವಾತಂತ್ರ್ಯ ಮತ್ತು ಸುರಕ್ಷತೆಯ ಕುರಿತು ಒಂದು ಪಾಠ



ಕಳೆದ ಬೇಸಿಗೆಯಲ್ಲಿ ತಿಪಟೂರಿನ ರೈಲು ನಿಲ್ದಾಣದಲ್ಲಿ ಅರಸೀಕೆರೆಯ ಕಡೆಗೆ ಹೋಗುವ ಗಾಡಿಗಾಗಿ ಕಾದು ಕುಳಿತಿದ್ದೆ. ಗಾಡಿ ತಡವಾಗಿತ್ತು. ಪಕ್ಕದಲ್ಲಿ ತುರುವೇಕೆರೆ ಕಡೆಯ ಹಿರಿಯರೊಬ್ಬರು ಕುಳಿತಿದ್ದರು. ವಯಸ್ಸು ಎಪ್ಪತ್ತು ದಾಟಿರಬೇಕು. ನಾನು ಪಾಠ ಹೇಳುವವನೆಂದು ತಿಳಿದ ಮೇಲೆ “ಸಾಬ್ರೇ” ಎನ್ನುತ್ತಿದ್ದವರು “ಮೇಷ್ಟ್ರೇ” ಎನ್ನತೊಡಗಿದರು. ಗಡಿಯಾರ ನೋಡುತ್ತಾ ಅವರು ಹೇಳಿದ ಮಾತು ಇದು: “ಎಮರ್ಜೆನ್ಸಿ ಕಾಲದಲ್ಲಿ ರೈಲು ಹೊತ್ತಿಗೆ ಸರಿಯಾಗಿ ಬರ್ತಿತ್ತು ಮೇಷ್ಟ್ರೇ. ಆಫೀಸಲ್ಲಿ ಗುಮಾಸ್ತ ಕುರ್ಚಿ ಬಿಟ್ಟು ಏಳ್ತಿರಲಿಲ್ಲ. ಈಗ ಎಲ್ಲರೂ ಸ್ವಾತಂತ್ರ್ಯ ಸ್ವಾತಂತ್ರ್ಯ ಅಂತಾರೆ. ಅದೇನು ಹೊಟ್ಟೆ ತುಂಬಿಸ್ತದಾ?”

ನಾನು ಹುಟ್ಟುವುದಕ್ಕೂ ಮುಂಚಿನ ಮಾತು ಅದು. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಹಾಗೆಂದು ಆ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತೆಯೂ ಇರಲಿಲ್ಲ. ಏಕೆಂದರೆ ಅದು ಅವರೊಬ್ಬರ ಪ್ರಶ್ನೆಯಲ್ಲ. ಮನೆಯಲ್ಲಿ ತಂದೆ ಮಗಳಿಗೆ, ಮಂಡಿಯಲ್ಲಿ ಸಾಹುಕಾರ ರೈತನಿಗೆ, ದೇಶದಲ್ಲಿ ಸರಕಾರ ಪ್ರಜೆಗೆ ಬೇರೆ ಬೇರೆ ಮಾತುಗಳಲ್ಲಿ ಇದನ್ನೇ ಹೇಳುತ್ತಾ ಬಂದಿದ್ದಾರೆ: ನಿನ್ನ ಸ್ವಾತಂತ್ರ್ಯವನ್ನು ಕೊಂಚ ಬಿಟ್ಟುಕೊಡು, ನಿನ್ನನ್ನು ಕ್ಷೇಮವಾಗಿ ಇಟ್ಟುಕೊಳ್ಳುತ್ತೇನೆ. ಈ ವ್ಯಾಪಾರದಲ್ಲಿ ನಮಗೆ ದಕ್ಕುವುದೇನು, ನಾವು ತೆರುವುದೇನು? ಬನ್ನಿ, ಇಂದಿನ ಪಾಠದಲ್ಲಿ ಇದನ್ನು ಶಾಂತವಾಗಿ ಪರಿಶೀಲಿಸೋಣ.

ಎರಡೂ ಅನುಗ್ರಹಗಳೇ

ಮೊದಲು ಒಂದು ವಿಷಯ ಸ್ಪಷ್ಟವಾಗಲಿ. ಇಸ್ಲಾಮ್ ಸುರಕ್ಷತೆಯನ್ನು ಕೀಳಾಗಿ ಕಾಣುವುದಿಲ್ಲ. ಪವಿತ್ರ ಕುರ್‌ಆನಿನ 106ನೇ ಅಧ್ಯಾಯ ‘ಕುರೈಶ್’ ನಮ್ಮ ಮಕ್ಕಳಿಗೂ ಬಾಯಿಪಾಠವಿದೆ. ಮಕ್ಕಾದ ಜನರಿಗೆ ಅಲ್ಲಾಹನು ತನ್ನ ಎರಡು ಉಪಕಾರಗಳನ್ನು ಅಲ್ಲಿ ನೆನಪಿಸುತ್ತಾನೆ. ಒಂದು, ಹಸಿವೆಯಲ್ಲಿ ಅನ್ನ. ಇನ್ನೊಂದು, ಭಯದಿಂದ ಅಭಯ. ಪ್ರವಾದಿ ಇಬ್ರಾಹೀಮರು(ಅ) ಕಅಬಾದ ನಾಡಿಗಾಗಿ ಪ್ರಾರ್ಥಿಸಿದಾಗ ಮೊದಲು ಕೇಳಿದ್ದು ಆ ಊರಿನ ನಿರ್ಭಯತೆಯನ್ನು, ಅನಂತರ ಅಲ್ಲಿನವರಿಗೆ ಹಣ್ಣುಹಂಪಲುಗಳನ್ನು. ಮೈಯಲ್ಲಿ ಆರೋಗ್ಯ, ಮನೆಯಲ್ಲಿ ನೆಮ್ಮದಿ ಮತ್ತು ಆ ದಿನದ ಆಹಾರದೊಂದಿಗೆ ಬೆಳಗನ್ನು ಕಂಡವನಿಗೆ ಇಡೀ ಲೋಕವೇ ದೊರೆತಂತೆ ಎಂಬ ಆಶಯದ ಪ್ರವಾದಿವಚನವೂ ಪ್ರಸಿದ್ಧವಾಗಿದೆ.

ಅಂದ ಮೇಲೆ ರೈಲು ನಿಲ್ದಾಣದ ಹಿರಿಯರು ತಪ್ಪಾದುದನ್ನೇನೂ ಬಯಸಲಿಲ್ಲ. ವೇಳೆಗೆ ಸರಿಯಾಗಿ ಬರುವ ರೈಲು, ಕೆಲಸ ಮಾಡುವ ಗುಮಾಸ್ತ, ಕಳ್ಳರಿಲ್ಲದ ರಾತ್ರಿ ಇವೆಲ್ಲ ಒಳ್ಳೆಯವೇ. ಪ್ರಶ್ನೆ ಇರುವುದು ಬೆಲೆಯಲ್ಲಿ.

ಅಧ್ಯಾಯ ‘ಕುರೈಶ್’ನ ತರ್ಕವನ್ನು ಸೂಕ್ಷ್ಮವಾಗಿ ಗಮನಿಸಿರಿ. ಅನ್ನ ಮತ್ತು ಅಭಯ ಎರಡನ್ನೂ ಕೊಟ್ಟವನು ಅಲ್ಲಾಹನು, ಆದ್ದರಿಂದ ಅವನನ್ನೇ ಆರಾಧಿಸಿರಿ ಎಂಬುದು ಅದರ ತಾತ್ಪರ್ಯ. ಅನ್ನ ಕೊಟ್ಟೆನೆಂದು, ರಕ್ಷಣೆ ಕೊಟ್ಟೆನೆಂದು ಮನುಷ್ಯನೊಬ್ಬ ಇನ್ನೊಬ್ಬನಿಂದ ದಾಸ್ಯವನ್ನು ಕೇಳುವ ಬಾಗಿಲು ಅಲ್ಲಿಯೇ ಮುಚ್ಚಿಹೋಯಿತು. ಕೊಡುವವನೂ ಪಡೆಯುವವನೂ ಒಬ್ಬನೇ ಒಡೆಯನ ದಾಸರು.

ಈರುಳ್ಳಿ ಮತ್ತು ತೊಗರಿ

ಮೂಸಾ(ಅ)ರ ಜನರ ಕಥೆಯನ್ನು ನಾವೆಲ್ಲರೂ ಕೇಳಿದ್ದೇವೆ. ಫಿರ್‌ಔನನ ಆಳ್ವಿಕೆಯಲ್ಲಿ ಬನೀ ಇಸ್ರಾಈಲರು ಗುಲಾಮರಾಗಿದ್ದರು. ಅವರ ಗಂಡುಮಕ್ಕಳನ್ನು ಕೊಲ್ಲಲಾಗುತ್ತಿತ್ತು. ಅಲ್ಲಾಹನು ಅವರನ್ನು ಸಮುದ್ರ ದಾಟಿಸಿ ವಿಮೋಚನೆಗೊಳಿಸಿದನು. ಮರುಭೂಮಿಯಲ್ಲಿ ಆಹಾರವನ್ನೂ ಒದಗಿಸಿದನು. ಆದರೆ ಕೆಲವೇ ಕಾಲದಲ್ಲಿ ಅವರು ಮೂಸಾ(ಅ)ರೊಡನೆ ದೂರತೊಡಗಿದರು. ದಿನವೂ ಒಂದೇ ಊಟ ನಮಗೆ ಸಾಕಾಗಿದೆ, ಸೊಪ್ಪು, ಸೌತೆ, ಬೆಳ್ಳುಳ್ಳಿ, ಬೇಳೆ, ಈರುಳ್ಳಿ ಬೇಕೆಂದರು. ಉತ್ತಮವಾದುದನ್ನು ಕೊಟ್ಟು ಕೀಳಾದುದನ್ನು ಕೊಳ್ಳುತ್ತೀರಾ ಎಂಬರ್ಥದಲ್ಲಿ ಅವರನ್ನು ಪ್ರಶ್ನಿಸಲಾಯಿತೆಂದು ‘ಅಲ್ ಬಕರಃ’ ಅಧ್ಯಾಯದಲ್ಲಿದೆ.

ಅವರ ನೆನಪು ಎಷ್ಟು ವಿಚಿತ್ರವಾಗಿತ್ತು ನೋಡಿರಿ. ಅಡುಗೆಮನೆ ನೆನಪಿದೆ, ಮಕ್ಕಳ ಗೋರಿಗಳು ನೆನಪಿಲ್ಲ. ಈರುಳ್ಳಿಯ ರುಚಿ ನೆನಪಿದೆ, ಬೆನ್ನ ಮೇಲಿನ ಬಾಸುಂಡೆ ಮರೆತುಹೋಗಿದೆ. ಇದು ಆ ಜನರೊಬ್ಬರ ದೋಷವಲ್ಲ. ಕಷ್ಟದ ಕಾಲ ಕಳೆದ ಮೇಲೆ ಅದರ ಒಳ್ಳೆಯ ಗಳಿಗೆಗಳನ್ನಷ್ಟೇ ಉಳಿಸಿಕೊಳ್ಳುವುದು ಮನುಷ್ಯನ ಸ್ವಭಾವ. ಆದುದರಿಂದಲೇ ಲೆಕ್ಕವನ್ನು ನೆನಪಿನಿಂದ ಮಾಡದೆ ಕಾಗದದಿಂದ ಮಾಡಬೇಕು. ಮಂಡಿಯ ವ್ಯವಹಾರ ಬಲ್ಲ ನಮ್ಮ ಕಡೆಯವರಿಗೆ ಇದನ್ನು ಹೆಚ್ಚಾಗಿ ಹೇಳಬೇಕಾಗಿಲ್ಲ.

ಕಾಗದದಲ್ಲಿ ಬರೆದಿರುವ ಲೆಕ್ಕ

1975ರ ಜೂನ್ 25ರ ರಾತ್ರಿ ದೇಶದಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಆಂತರಿಕ ಕ್ಷೋಭೆಯಿಂದ ಭಾರತದ ಭದ್ರತೆಗೆ ಅಪಾಯವಿದೆ ಎಂಬುದು ಕೊಟ್ಟ ಕಾರಣ. ಪತ್ರಿಕೆಗಳ ಮೇಲೆ ಪರಿಶೀಲನೆಯ ಕತ್ತರಿ ಬಂತು. 1977ರ ಮಾರ್ಚ್ 21ರವರೆಗೆ ನಡೆದ ಈ ಅವಧಿಯಲ್ಲಿ 1 ಲಕ್ಷಕ್ಕೂ ಹೆಚ್ಚು ಜನರನ್ನು ವಿಚಾರಣೆಯಿಲ್ಲದೆ ಬಂಧನದಲ್ಲಿಡಲಾಯಿತು. ಆಂತರಿಕ ಭದ್ರತಾ ಕಾಯ್ದೆ, ಅಂದರೆ ಜನರ ಬಾಯಲ್ಲಿ ‘ಮೀಸಾ’, 1971ರಲ್ಲಿ ಬಂದಿದ್ದ ಕಾನೂನು. ಅದರ ಹೆಸರಿನಲ್ಲೇ ಭದ್ರತೆ ಎಂಬ ಪದವಿದೆ.

ನಮ್ಮ ರಾಜಧಾನಿ ಬೆಂಗಳೂರಿನ ಕೇಂದ್ರ ಕಾರಾಗೃಹ ಅಂದು ತುಂಬಿತ್ತು. ಸಂಸದೀಯ ಸಮಿತಿಯ ಕೆಲಸಕ್ಕೆಂದು ಬೆಂಗಳೂರಿಗೆ ಬಂದಿದ್ದ ಅಟಲ್ ಬಿಹಾರಿ ವಾಜಪೇಯಿ, ಎಲ್.ಕೆ. ಅಡ್ವಾಣಿ, ಮಧು ದಂಡವತೆ ಮುಂತಾದವರು ಅಲ್ಲಿ ಬಂಧಿತರಾದರು. 1975ರ ಜುಲೈಯಲ್ಲಿ ಹೊರಬಿದ್ದ ನಿಷೇಧದ ಪಟ್ಟಿಯಲ್ಲಿ ರಾಷ್ಟ್ರೀಯ ಸ್ವಯಂಸೇವಕ ಸಂಘವೂ ಇತ್ತು, ಜಮಾಅತೆ ಇಸ್ಲಾಮೀ ಹಿಂದ್ ಕೂಡ ಇತ್ತು. ಒಬ್ಬರ ಮುಖ ಇನ್ನೊಬ್ಬರು ನೋಡದ ಜನ ಒಂದೇ ಗೋಡೆಯ ಒಳಗಾದರು. ವಿಚಾರಣೆಯಿಲ್ಲದೆ ಹಿಡಿಯುವ ಅಧಿಕಾರವನ್ನು ನಮ್ಮ ವಿರೋಧಿಯ ಮೇಲೆ ಬಳಸಲೆಂದು ನಾವು ಒಪ್ಪಿದರೆ, ಅದು ನಮ್ಮ ಮನೆಯ ಬಾಗಿಲನ್ನೂ ತಟ್ಟುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

ಅದೇ ಕಾರಾಗೃಹದಲ್ಲಿ ಸ್ನೇಹಲತಾ ರೆಡ್ಡಿಯವರೂ ಇದ್ದರು. ‘ಸಂಸ್ಕಾರ’ ಚಲನಚಿತ್ರದಲ್ಲಿ ನಟಿಸಿದ ಕಲಾವಿದೆ, ಸಮಾಜವಾದಿ ವಿಚಾರದ ಮಹಿಳೆ. 1976ರ ಮೇ ತಿಂಗಳಲ್ಲಿ ಅವರನ್ನು ಬಂಧಿಸಲಾಯಿತು. ಬರೋಡಾ ಡೈನಮೈಟ್ ಪ್ರಕರಣದ ಹೆಸರು ಹೇಳಲಾಯಿತು. ಕೊನೆಗೆ ಸಲ್ಲಿಸಿದ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಅವರಿಗೆ ಆಸ್ತಮಾ ಇತ್ತು. ಸುಮಾರು ಎಂಟು ತಿಂಗಳ ಸೆರೆವಾಸದಲ್ಲಿ ಅವರ ಆರೋಗ್ಯ ಪೂರ್ಣ ಕುಸಿಯಿತು. 1977ರ ಜನವರಿ 15ರಂದು ಪೆರೋಲಿನ ಮೇಲೆ ಹೊರಗೆ ಬಂದ ಅವರು ಜನವರಿ 20ರಂದು ತೀರಿಕೊಂಡರು. ಅಂದು ರೈಲುಗಳು ವೇಳೆಗೆ ಸರಿಯಾಗಿ ಓಡಿರಲೂಬಹುದು. ಆ ತಾಯಿಯ ಮನೆಯವರಿಗೆ ಆ ಗಡಿಯಾರದಿಂದ ಆದ ಪ್ರಯೋಜನವೇನು?

ಬಂಧಿತರು ನ್ಯಾಯಾಲಯದ ಬಾಗಿಲು ತಟ್ಟಿದರು. ಹಲವು ಹೈಕೋರ್ಟುಗಳು ಅವರ ಅರ್ಜಿಗಳನ್ನು ವಿಚಾರಣೆಗೆ ತೆಗೆದುಕೊಳ್ಳಬಹುದೆಂದು ಹೇಳಿದವು. ಆದರೆ 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟಿನ ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು ಸರಕಾರದ ಪರವಾಗಿ ತೀರ್ಪಿತ್ತರು. ವಿಚಾರಣೆಯ ವೇಳೆ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಅವರು ಸರಕಾರದ ವಕೀಲರಿಗೆ ಒಂದು ಪ್ರಶ್ನೆ ಹಾಕಿದ್ದರು. ಪೊಲೀಸನೊಬ್ಬ ಸ್ವಂತ ದ್ವೇಷದಿಂದ ಒಬ್ಬನನ್ನು ಕೊಂದರೆ ನ್ಯಾಯಾಲಯದಲ್ಲಿ ಪರಿಹಾರವಿದೆಯೇ? ತುರ್ತು ಪರಿಸ್ಥಿತಿ ಇರುವತನಕ ಇಲ್ಲ ಎಂಬುದೇ ಸಿಕ್ಕ ಉತ್ತರದ ಸಾರ. ಖನ್ನಾ ಒಬ್ಬರೇ ಭಿನ್ನ ತೀರ್ಪು ಬರೆದರು. 1977ರ ಜನವರಿಯಲ್ಲಿ ಅವರ ಹಿರಿತನವನ್ನು ಕಡೆಗಣಿಸಿ ಮತ್ತೊಬ್ಬರನ್ನು ಮುಖ್ಯ ನ್ಯಾಯಮೂರ್ತಿಯಾಗಿ ಮಾಡಲಾಯಿತು. ಅವರು ರಾಜೀನಾಮೆ ಕೊಟ್ಟು ಹೊರನಡೆದರು.

ವಾಚಕರೇ, ಇಲ್ಲಿ ಒಂದು ಕ್ಷಣ ನಿಲ್ಲಿರಿ. ಸುರಕ್ಷತೆಗಾಗಿ ಸ್ವಾತಂತ್ರ್ಯವನ್ನು ಬಿಟ್ಟುಕೊಟ್ಟ ದೇಶದಲ್ಲಿ ಕೊನೆಗೆ ಉಳಿದ ಸುರಕ್ಷತೆ ಎಷ್ಟು? ಕೊಂದರೂ ಕೇಳುವವರಿಲ್ಲ ಎಂಬಷ್ಟು. ಬೇಲಿಯೇ ಎದ್ದು ಹೊಲ ಮೇಯ್ದರೆ ಇನ್ನು ದೂರು ಯಾರಿಗೆ?

ಜೀತದ ಮುದ್ದೆ

ಆದರೆ ನ್ಯಾಯವಾಗಿ ಮಾತಾಡಬೇಕು. ವಿರೋಧಿಸುವ ವಿಷಯದಲ್ಲೂ ಸತ್ಯವನ್ನು ಮರೆಮಾಚಬಾರದೆಂದು ನಮ್ಮ ಧರ್ಮ ಕಲಿಸುತ್ತದೆ. ಜೀತ ಪದ್ಧತಿಯನ್ನು ದೇಶಾದ್ಯಂತ ರದ್ದುಗೊಳಿಸಿದ ಸುಗ್ರೀವಾಜ್ಞೆ ಹೊರಬಿದ್ದದ್ದು 1975ರ ಅಕ್ಟೋಬರಿನಲ್ಲಿ, ಅದು ಕಾಯ್ದೆಯಾದದ್ದು 1976ರಲ್ಲಿ. ಎರಡೂ ತುರ್ತು ಪರಿಸ್ಥಿತಿಯ ಕಾಲ. ನಮ್ಮ ರಾಜ್ಯದಲ್ಲಿ ಆಗ ದೇವರಾಜ ಅರಸು ಮುಖ್ಯಮಂತ್ರಿಗಳು. ಬಡವರ ಸಾಲ ಪರಿಹಾರದ ಕಾನೂನೂ ಅದೇ ಕಾಲದ್ದು. 1977ರ ಚುನಾವಣೆಯಲ್ಲಿ ಉತ್ತರ ಭಾರತವೆಲ್ಲ ಕಾಂಗ್ರೆಸ್ಸನ್ನು ಸೋಲಿಸಿದರೂ ಕರ್ನಾಟಕದ 28 ಸ್ಥಾನಗಳಲ್ಲಿ 26 ಅದರ ಪಾಲಾದವು. ಹಾಗಿರುವಾಗ ನಮ್ಮ ಹಿರಿಯರ ನೆನಪಿನಲ್ಲಿ ಕೃತಜ್ಞತೆ ಇರುವುದು ಆಶ್ಚರ್ಯವಲ್ಲ.

ಜೀತದ ಮಾತನ್ನು ನಾನೇ ಎತ್ತಿದೆ. ಆ ಹಿರಿಯರು ಬಹಳ ಹೊತ್ತು ಹಳಿಯ ಕಡೆ ನೋಡುತ್ತಿದ್ದರು. ಬಳಿಕ ತಗ್ಗಿದ ದನಿಯಲ್ಲಿ ಹೇಳಿದರು: “ನಮ್ಮಪ್ಪ ಜೀತಕ್ಕಿದ್ದ ಮನೇಲಿ ಊಟಕ್ಕೆ ಕೊರತೆ ಇರಲಿಲ್ಲ. ಎರಡು ಹೊತ್ತು ಮುದ್ದೆ, ವರ್ಷಕ್ಕೊಂದು ಕಂಬಳಿ. ಆದ್ರೆ ನಮ್ಮಜ್ಜಿ ಸತ್ತಾಗ ಮಣ್ಣಿಗೆ ಹೋಗೋಕೆ ಬಿಡಲಿಲ್ಲ. ತೋಟಕ್ಕೆ ನೀರು ಕಟ್ಟೋ ದಿವಸ ಅಂದ್ರು.”

ನಾನು ಹುಡುಕುತ್ತಿದ್ದ ಉತ್ತರವನ್ನು ಅವರೇ ಕೊಟ್ಟಿದ್ದರು. ಜೀತಗಾರನಿಗೆ ಸುರಕ್ಷತೆಯ ಕೊರತೆಯಿರಲಿಲ್ಲ. ಅನ್ನವಿತ್ತು, ಸೂರಿತ್ತು, ಹೊದಿಕೆಯಿತ್ತು. ಹೆತ್ತವಳ ಹೆಣಕ್ಕೆ ಹೆಗಲು ಕೊಡುವ ಅಧಿಕಾರವಿರಲಿಲ್ಲ. ಜೊತೆಗೆ ಆ ಅನ್ನವೂ ಒಡೆಯನ ಮರ್ಜಿಯ ಅನ್ನ. ಒಡೆಯನಿಗೆ ಸಿಟ್ಟು ಬಂದ ದಿನ ಅದೂ ಇಲ್ಲ. ಇನ್ನೊಬ್ಬನ ಕೃಪೆಯ ಮೇಲೆ ನಿಂತಿರುವ ಕ್ಷೇಮಕ್ಕೆ ಕ್ಷೇಮವೆಂದು ಹೆಸರಿಡುವುದು ಹೇಗೆ?

ಇನ್ನೊಂದು ಅಂಶವನ್ನು ಗಮನಿಸಿರಿ. ಜೀತ ರದ್ದಾಗಲು ಜನರ ಬಾಯಿ ಕಟ್ಟಬೇಕಾಗಿತ್ತೇ? ಉಳುವವನಿಗೆ ಭೂಮಿ ಕೊಡುವ ನಮ್ಮ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ಶಾಸನಸಭೆಯಲ್ಲಿ ಚರ್ಚೆ ನಡೆದು, ವಿರೋಧವನ್ನೂ ಕೇಳಿ, ತುರ್ತು ಪರಿಸ್ಥಿತಿಗಿಂತ ಒಂದು ವರ್ಷಕ್ಕೂ ಮುಂಚೆ ಬಂದ ಕಾನೂನು ಅದು. ಜೀತದ ಕಾಯ್ದೆಯೂ ಕಾಗದದಿಂದ ಇಳಿದು ಮನುಷ್ಯರನ್ನು ಮುಟ್ಟಲು ಸ್ವಾತಂತ್ರ್ಯವೇ ಬೇಕಾಯಿತು. ಹರಿಯಾಣದ ಕಲ್ಲುಗಣಿಗಳಲ್ಲಿ ಜೀತಕ್ಕೆ ಸಿಲುಕಿದ್ದ ಕಾರ್ಮಿಕರ ಬಗ್ಗೆ ಬಂಧುವಾ ಮುಕ್ತಿ ಮೋರ್ಚಾ ಎಂಬ ಸಂಘಟನೆ ಬರೆದ ಪತ್ರವನ್ನೇ ಅರ್ಜಿಯೆಂದು ಸ್ವೀಕರಿಸಿ ಸುಪ್ರೀಂ ಕೋರ್ಟು 1983ರ ಡಿಸೆಂಬರಿನಲ್ಲಿ ತೀರ್ಪು ಕೊಟ್ಟಿತು. ಆ ತೀರ್ಪು ಆಧರಿಸಿದ್ದು ಸಂವಿಧಾನದ 21ನೇ ವಿಧಿಯನ್ನು. ತುರ್ತು ಪರಿಸ್ಥಿತಿಯಲ್ಲಿ ಜನರು ನ್ಯಾಯಾಲಯದಲ್ಲಿ ಹೆಸರೆತ್ತದಂತೆ ಮಾಡಿದ್ದೂ ಅದೇ ವಿಧಿಯನ್ನೇ. ತೀರ್ಪು ಬರೆದ ನ್ಯಾಯಮೂರ್ತಿ ಪಿ.ಎನ್. ಭಗವತಿಯವರು 1976ರಲ್ಲಿ ಆ ನಾಲ್ವರಲ್ಲಿ ಒಬ್ಬರಾಗಿದ್ದರು. ತಾವು ಅಂದು ತಪ್ಪಿದ್ದೆವೆಂದು ಅವರು ಮುಂದೆ ಬಹಿರಂಗವಾಗಿ ಒಪ್ಪಿಕೊಂಡರು. ತಪ್ಪನ್ನು ಒಪ್ಪಿಕೊಳ್ಳುವ ಮನಸ್ಸನ್ನು ಅಲ್ಲಾಹನು ನಮಗೂ ದಯಪಾಲಿಸಲಿ.

ಸ್ವಾತಂತ್ರ್ಯ ಹೊಟ್ಟೆ ತುಂಬಿಸುತ್ತದೆಯೇ ಎಂಬ ಪ್ರಶ್ನೆಗೂ ಇಲ್ಲಿಯೇ ಉತ್ತರವಿದೆ. ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ತೋರಿಸಿಕೊಟ್ಟ ಒಂದು ಸಂಗತಿ ಲೋಕಪ್ರಸಿದ್ಧವಾಗಿದೆ. ಪತ್ರಿಕೆಗಳು ಬರೆಯಬಲ್ಲ, ಜನರು ಸರಕಾರವನ್ನು ಕೆಳಗಿಳಿಸಬಲ್ಲ ದೇಶದಲ್ಲಿ ಮಹಾಕ್ಷಾಮ ಬಂದ ಉದಾಹರಣೆ ಸಿಗುವುದಿಲ್ಲ. 1943ರಲ್ಲಿ ಪರಕೀಯರ ಆಳ್ವಿಕೆಯ ಬಂಗಾಳದಲ್ಲಿ ಲಕ್ಷಾಂತರ ಜನರು ಅನ್ನವಿಲ್ಲದೆ ಸತ್ತರು. ಹಸಿದವನ ಕೂಗು ಆಳುವವನ ಕಿವಿಗೆ ತಲುಪದಿದ್ದರೆ ಕಣಜದಲ್ಲಿ ಧಾನ್ಯವಿದ್ದೂ ಹೊಟ್ಟೆ ತುಂಬುವುದಿಲ್ಲ.

ಅಟ್ಟದ ಮೇಲಿನ ಕೊಬ್ಬರಿ

ದೂರದ ಮಾತು ಸಾಕು, ನಮ್ಮ ಅಟ್ಟಕ್ಕೆ ಬರೋಣ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ರೈತನು ಬಲಿತ ಕಾಯಿಯನ್ನು ಕಿತ್ತು ತಿಂಗಳುಗಟ್ಟಲೆ ಅಟ್ಟದ ಮೇಲೆ ಇಡುತ್ತಾನೆ. ಒಳಗಿನ ನೀರು ಇಂಗಿ, ತಿರುಳು ಒಣಗಿ ಚಿಪ್ಪಿನಿಂದ ಬಿಡಿಸಿಕೊಂಡು, ಅಲುಗಿಸಿದರೆ ಗಡಗಡ ಸದ್ದು ಬರಬೇಕು. ಆಗ ಅದು ಉಂಡೆ ಕೊಬ್ಬರಿ. ಅಷ್ಟು ಕಾಲ ಕಾಯುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಮಗಳ ಮದುವೆ, ಕೊಳವೆಬಾವಿ, ಆಸ್ಪತ್ರೆ ಏನಾದರೊಂದು ಬಂದೇ ಬರುತ್ತದೆ. ಆಗ ಕೊಬ್ಬರಿಯ ಮೇಲೆ ಮುಂಗಡ ತರುತ್ತಾನೆ. ಆ ಹಣ ಅವನಿಗೆ ಅಂದಿನ ಮಟ್ಟಿಗೆ ಸುರಕ್ಷತೆ. ಆದರೆ ಮುಂಗಡ ಕೊಟ್ಟವನಿಗೇ ಮಾಲು ಹಾಕಬೇಕು, ಅವನು ಹೇಳಿದ ತೂಕ, ಅವನು ಹೇಳಿದ ದರ ಎಂದಾದಾಗ ತೋಟ ಹೆಸರಿಗಷ್ಟೇ ಅವನದು.

ಸಾಲದ ಹೊರೆ ಮತ್ತು ಜನರ ದಬ್ಬಾಳಿಕೆ ಎರಡರಿಂದಲೂ ಅಲ್ಲಾಹನ ಅಭಯ ಯಾಚಿಸುವ ಪ್ರಾರ್ಥನೆಯನ್ನು ಪ್ರವಾದಿ(ಸ)ಯವರು ಕಲಿಸಿದ್ದಾರೆ. ಒಂದೇ ಉಸಿರಿನಲ್ಲಿ ಇವೆರಡನ್ನೂ ಏಕೆ ಹೇಳಿದರೆಂದು ನಮ್ಮ ರೈತನಿಗೆ ಚೆನ್ನಾಗಿ ಅರ್ಥವಾಗುತ್ತದೆ. ಬಹಿರಂಗ ಟೆಂಡರು ನಡೆಯುವ ನಿಯಂತ್ರಿತ ಮಾರುಕಟ್ಟೆ, ಸರಕಾರದ ಬೆಂಬಲ ಬೆಲೆ ಇವುಗಳ ಅಗತ್ಯ ಇಲ್ಲಿದೆ. 2024ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 12,000 ರೂಪಾಯಿ ಬೆಂಬಲ ಬೆಲೆ ನಿಗದಿಯಾಗಿತ್ತು. ಬೆಂಬಲ ಬೆಲೆ ರೈತನನ್ನು ಕಟ್ಟಿಹಾಕುವುದಿಲ್ಲ. ಹೊರಗೆ ಹೆಚ್ಚು ಸಿಕ್ಕರೆ ಹೊರಗೆ ಮಾರಬಹುದು, ಬೆಲೆ ಬಿದ್ದರೆ ಇಲ್ಲಿಗೆ ಬರಬಹುದು. ಮುಂಗಡದ ಕ್ಷೇಮಕ್ಕೂ ಬೆಂಬಲ ಬೆಲೆಯ ಕ್ಷೇಮಕ್ಕೂ ಇರುವ ಅಂತರ ಇದು. ಒಂದು ಬೇಲಿಗೆ ಬಾಗಿಲಿದೆ, ಇನ್ನೊಂದಕ್ಕೆ ಇಲ್ಲ.

ಝಕಾತಿನ ಎಂಟು ಪಾಲುದಾರರಲ್ಲಿ ದಾಸ್ಯದಲ್ಲಿರುವವರನ್ನೂ ಸಾಲಗಾರರನ್ನೂ ಅಲ್ಲಾಹನು ಸೇರಿಸಿರುವುದನ್ನು ಶ್ರೀಮಂತರಾದ ನಮ್ಮ ಸಹೋದರರು ನೆನಪಿಡಲಿ. ರಮಝಾನಿನಲ್ಲಿ ಸೀರೆ, ಅಕ್ಕಿ ಹಂಚುವುದು ಒಳ್ಳೆಯದೇ. ಒಬ್ಬನ ಕುತ್ತಿಗೆಯನ್ನು ಸಾಲದ ಹಗ್ಗದಿಂದ ಬಿಡಿಸಿದರೆ ಅವನು ಮುಂದಿನ ರಮಝಾನಿನಲ್ಲಿ ನಿಮ್ಮ ಬಾಗಿಲಿಗೆ ಬರಬೇಕಾಗಿಯೇ ಇಲ್ಲ.

ಗೋಡೆ ಹಾರಿದ ಖಲೀಫರು

ಹ. ಉಮರ್(ರ) ರಾತ್ರಿ ಗಸ್ತು ತಿರುಗುತ್ತಿದ್ದ ಕಥೆಗಳು ಎಲ್ಲರಿಗೂ ಪರಿಚಿತ. ಅವುಗಳಲ್ಲಿ ಒಂದನ್ನು ನಾವು ಕಡಿಮೆ ಹೇಳುತ್ತೇವೆ. ಒಂದು ಮನೆಯೊಳಗೆ ಏನೋ ತಪ್ಪು ನಡೆಯುತ್ತಿದೆಯೆಂಬ ಸಂಶಯದಿಂದ ಅವರು ಗೋಡೆ ಹಾರಿ ಒಳಗೆ ಹೋದರು. ತಪ್ಪಿತಸ್ಥ ಸಿಕ್ಕಿಬಿದ್ದ. ಆದರೆ ಆತ ಖಲೀಫರನ್ನೇ ಪ್ರಶ್ನಿಸಿದ. ನಾನು ಮಾಡಿದ್ದು ಒಂದು ತಪ್ಪು, ತಾವು ಮಾಡಿದ್ದು ಮೂರು. ಗೂಢಚರ್ಯೆ ಮಾಡಬಾರದೆಂದು ಅಲ್ಲಾಹನು ಹೇಳಿದ್ದಾನೆ, ತಾವು ಮಾಡಿದಿರಿ. ಬಾಗಿಲಿನಿಂದ ಬರಬೇಕೆಂದಿದ್ದಾನೆ, ತಾವು ಗೋಡೆ ಹಾರಿದಿರಿ. ಅನುಮತಿ ಪಡೆದು ಸಲಾಮ್ ಹೇಳಿ ಪ್ರವೇಶಿಸಬೇಕೆಂದಿದ್ದಾನೆ, ಅದನ್ನೂ ಬಿಟ್ಟಿರಿ. ಉಮರ್(ರ) ಅವನ ಮಾತನ್ನು ಒಪ್ಪಿ ಹಿಂತಿರುಗಿದರೆಂದು ವರದಿಯಿದೆ. ರಾಜ್ಯದ ಕ್ಷೇಮಕ್ಕಾಗಿ ನಿದ್ದೆಗೆಟ್ಟು ತಿರುಗುವ ಆಡಳಿತಗಾರನಿಗೂ ಪ್ರಜೆಯ ಮನೆಯ ಗೋಡೆ ಒಂದು ಗಡಿ.

ಈ ಕಾಲದಲ್ಲಿ ಅಂಥದೇ ಪ್ರಶ್ನೆಯನ್ನು ಕೇಳಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಅವರು ಸುಪ್ರೀಂ ಕೋರ್ಟಿಗೆ ಹೋದಾಗ ಅವರ ವಯಸ್ಸು 80 ದಾಟಿತ್ತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. 1976ರ ಆ ಹಳೆಯ ತೀರ್ಪು ತಪ್ಪೆಂದು ಅದನ್ನು ತೊಡೆದುಹಾಕಿದ್ದೂ ಇದೇ ಪ್ರಕರಣದಲ್ಲಿ. ಅಂದು ಬಹುಮತದಲ್ಲಿದ್ದ ನ್ಯಾಯಮೂರ್ತಿ ವೈ.ವಿ. ಚಂದ್ರಚೂಡರ ಮಗನೇ ತಂದೆಯ ತೀರ್ಪನ್ನು ತಪ್ಪೆಂದು ಬರೆದರು. ಇದಕ್ಕೂ ಮುಂಚೆ, 1978ರ 44ನೇ ತಿದ್ದುಪಡಿಯಿಂದಲೇ, ಜೀವ ಮತ್ತು ವ್ಯಕ್ತಿಸ್ವಾತಂತ್ರ್ಯದ ಹಕ್ಕನ್ನು ತುರ್ತು ಪರಿಸ್ಥಿತಿಯಲ್ಲೂ ಅಮಾನತಿನಲ್ಲಿಡಬಾರದೆಂಬ ನಿಯಮ ಬಂದಿತ್ತು. ಸ್ನೇಹಲತಾ ರೆಡ್ಡಿಯವರಿದ್ದ ಆ ಕಾರಾಗೃಹದ ಜಾಗದಲ್ಲಿ ಈಗ ಸ್ವಾತಂತ್ರ್ಯ ಉದ್ಯಾನವಿದೆ. ಬೆಂಗಳೂರಿಗೆ ಹೋದಾಗ ಮಕ್ಕಳನ್ನು ಒಮ್ಮೆ ಅಲ್ಲಿಗೆ ಕರೆದೊಯ್ಯಿರಿ.

ನನ್ನ ಮನೆಯ ಬೇಲಿ

ಸರಕಾರಕ್ಕೆ ಬುದ್ಧಿ ಹೇಳುವುದು ಸುಲಭ. ಈಗ ನನ್ನ ಮನೆಯ ಮಾತು ಹೇಳುತ್ತೇನೆ. ನನ್ನ ತಂಗಿ ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ದರ್ಜೆ ಪಡೆದಳು. ಕಾಲೇಜಿಗೆ ಬಸ್ಸಿನಲ್ಲಿ ಹೋಗಬೇಕಿತ್ತು. ಒಂದು ದಿನ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಕೆಟ್ಟ ಮಾತಾಡಿದರು. ಸುದ್ದಿ ಅಬ್ಬಾರ ಕಿವಿಗೆ ಬಿತ್ತು. ಕಾಲ ಕೆಟ್ಟಿದೆ, ಮನೆಯಲ್ಲಿರುವುದೇ ಕ್ಷೇಮ ಎಂದರು. ನಾನಾಗ ಮದ್ರಸಾದ ಕೊನೆಯ ವರ್ಷದಲ್ಲಿದ್ದೆ. ನನ್ನ ಮಾತಿಗೆ ಮನೆಯಲ್ಲಿ ಬೆಲೆಯಿತ್ತು. ನಾನು ಅಬ್ಬಾರ ಮಾತಿಗೆ ಹೂಂ ಎಂದೆ. ಅವಳ ಓದು ಅಲ್ಲಿಗೆ ನಿಂತಿತು. ಬಳಿಕ ನಾನು ಕನ್ನಡದಲ್ಲಿ ಬಿ.ಎ. ಮಾಡಿದೆ. ಅದೇ ಬಸ್ಸಿನಲ್ಲಿ ಹೋಗಿ ಬಂದೆ.

ಕಳೆದ ವರ್ಷ ಅವಳು ತನ್ನ ಮಗಳನ್ನು ಕಾಲೇಜಿಗೆ ಸೇರಿಸುವ ಅರ್ಜಿ ತುಂಬಿಸಲು ನನ್ನ ಬಳಿ ಬಂದಳು. ಬರೆಯುತ್ತಿದ್ದಾಗ ಮೆಲ್ಲನೆ ಹೇಳಿದಳು: “ಭಾಯ್, ಅವತ್ತು ನನಗೆ ಭಯ ಇರಲಿಲ್ಲ. ಭಯ ಇದ್ದದ್ದು ನಿಮಗೆ.” ನನ್ನ ಕೈಯಲ್ಲಿದ್ದ ಲೇಖನಿ ನಿಂತುಹೋಯಿತು. ವಿದ್ಯಾರ್ಜನೆ ಎಲ್ಲ ಮುಸ್ಲಿಮರ ಮೇಲೂ ಕಡ್ಡಾಯವೆಂಬ ಪ್ರವಾದಿವಚನವನ್ನು ಮಿಂಬರಿನ ಮೇಲೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ತೋಟಕ್ಕೆ ದನ ನುಗ್ಗಿದರೆ ನಾವು ದನವನ್ನು ಅಟ್ಟುತ್ತೇವೆ. ಅಂದು ನಾವು ದನವನ್ನು ಬೀದಿಗೆ ಬಿಟ್ಟು ಗಿಡವನ್ನು ಕಿತ್ತು ಒಳಗಿಟ್ಟುಕೊಂಡೆವು. ಅದನ್ನೇ ರಕ್ಷಣೆ ಎಂದೂ ಕರೆದೆವು.

ಪ್ರವಾದಿ(ಸ)ಯವರು ಅದೀ ಬಿನ್ ಹಾತಿಮ್‌(ರ)ರಿಗೆ ಒಂದು ಮುನ್ಸೂಚನೆ ಕೊಟ್ಟಿದ್ದರು. ಹೀರಾದಿಂದ ಹೊರಟ ಒಬ್ಬ ಮಹಿಳೆ ಅಲ್ಲಾಹನ ಹೊರತು ಯಾರ ಭಯವೂ ಇಲ್ಲದೆ ಕಅಬಾದವರೆಗೆ ಪ್ರಯಾಣ ಮಾಡುವ ಕಾಲ ಬರಲಿದೆ ಎಂಬುದು ಅದರ ಸಾರಾಂಶ. ತಮ್ಮ ಜೀವಿತದಲ್ಲೇ ಅದನ್ನು ಕಣ್ಣಾರೆ ಕಂಡೆನೆಂದು ಅದೀ(ರ) ಹೇಳಿದ್ದಾರೆ. ಈ ವಚನದ ಕುರಿತು ಆಲೋಚಿಸಿರಿ. ನಾಡಿನ ಸುರಕ್ಷತೆಗೆ ಪ್ರವಾದಿ(ಸ)ಯವರು ಕೊಟ್ಟ ಗುರುತು ಯಾವುದು? ಮನೆಯೊಳಗೆ ಕೂಡಿಹಾಕಿದ ಹೆಣ್ಣೇ, ದಾರಿಯಲ್ಲಿ ನಿರ್ಭಯಳಾಗಿ ನಡೆಯುವ ಹೆಣ್ಣೇ? ಮನುಷ್ಯನು ಸ್ವತಂತ್ರವಾಗಿ ಚಲಿಸುವಂತಾಗುವುದೇ ಸುರಕ್ಷತೆಯ ಉದ್ದೇಶ. ನನ್ನ ಪ್ರಕಾರ ನಮ್ಮ ಇಡೀ ಚರ್ಚೆಯ ತಿರುಳು ಈ ಒಂದು ವಚನದಲ್ಲಿದೆ.

ಮೂರು ಪ್ರಶ್ನೆಗಳು

ಹಾಗಾದರೆ ಯಾವ ಕಟ್ಟುಪಾಡನ್ನೂ ಒಪ್ಪಬಾರದೇ? ಹಾಗಲ್ಲ. ಬೇಲಿಯಿಲ್ಲದ ತೋಟ ಒಂದು ಮಳೆಗಾಲವೂ ಉಳಿಯುವುದಿಲ್ಲ. ಕಳ್ಳನನ್ನು ಹಿಡಿಯಲು ಪೊಲೀಸು ಬೇಕು, ರೋಗ ಹರಡಿದಾಗ ನಿರ್ಬಂಧ ಬೇಕು. 2020ರಲ್ಲಿ ನಾವು ಮಸೀದಿಗಳ ಬಾಗಿಲನ್ನೇ ಮುಚ್ಚಿ ಮನೆಯಲ್ಲಿ ನಮಾಝ್ ಮಾಡಿದೆವು. ಜೀವರಕ್ಷಣೆ ಶರೀಅತಿನ ಉದ್ದೇಶಗಳಲ್ಲಿ ಒಂದೆಂಬ ಕಾರಣಕ್ಕೆ ನಮ್ಮ ವಿದ್ವಾಂಸರೂ ಅದನ್ನು ಒಪ್ಪಿದರು.

ಆದುದರಿಂದ ಯಾರಾದರೂ ಕ್ಷೇಮದ ಹೆಸರಿನಲ್ಲಿ ನಿಮ್ಮ ಸ್ವಾತಂತ್ರ್ಯವನ್ನು ಕೇಳಿದಾಗ ಮೂರು ಪ್ರಶ್ನೆಗಳನ್ನು ಹಾಕಿರಿ.

ಒಂದನೆಯದು, ಇದು ಎಷ್ಟು ದಿನ? ಕೊನೆಯ ದಿನಾಂಕವಿಲ್ಲದ ನಿರ್ಬಂಧ ಜೀತದ ಪತ್ರವಿದ್ದಂತೆ.

ಎರಡನೆಯದು, ಇದು ಎಲ್ಲರಿಗೂ ಒಂದೇ ರೀತಿಯೇ? ಬೇಲಿ ಹಾಕುವವನು ತಾನು ಬೇಲಿಯ ಹೊರಗಿದ್ದರೆ ಎಚ್ಚರವಾಗಿರಿ.

ಮೂರನೆಯದು, ತಪ್ಪಾದರೆ ಕೇಳುವ ಬಾಗಿಲು ತೆರೆದಿದೆಯೇ? ಮೂರರಲ್ಲಿ ಇದೇ ಮುಖ್ಯ. ಆ ಬಾಗಿಲು ತೆರೆದಿದ್ದರೆ ಉಳಿದ ಎರಡು ತಪ್ಪುಗಳನ್ನು ಎಂದಾದರೂ ತಿದ್ದಬಹುದು.

ಇವೇ ಪ್ರಶ್ನೆಗಳನ್ನು ಕೇಳುವ ಅಧಿಕಾರ ನಿಮ್ಮ ಮಗಳಿಗೂ, ನಿಮ್ಮ ತೋಟದ ಆಳಿಗೂ, ನಿಮ್ಮ ಅಂಗಡಿಯ ಹುಡುಗನಿಗೂ ಇದೆ ಎಂಬುದನ್ನು ಮರೆಯದಿರಿ. ಈಜಿಪ್ಟಿನ ರಾಜ್ಯಪಾಲರ ಮಗ ಒಬ್ಬ ಬಡ ಕಾಪ್ಟಿಕ್ ಕ್ರೈಸ್ತನನ್ನು ಹೊಡೆದಾಗ, ಹ. ಉಮರ್(ರ) ಹೊಡೆತ ತಿಂದವನ ಕೈಗೇ ಚಾಟಿ ಕೊಟ್ಟರೆಂದೂ, ತಾಯಂದಿರು ಸ್ವತಂತ್ರರಾಗಿ ಹೆತ್ತವರನ್ನು ನೀವು ಗುಲಾಮರಾಗಿಸಿದ್ದು ಯಾವಾಗಿನಿಂದ ಎಂದು ರಾಜ್ಯಪಾಲರನ್ನು ಪ್ರಶ್ನಿಸಿದರೆಂದೂ ಪ್ರಸಿದ್ಧ ವೃತ್ತಾಂತವಿದೆ. ಆ ಪ್ರಶ್ನೆಯನ್ನು ಇತರರಿಗೆ ಕೇಳುವ ಮುನ್ನ ನಮ್ಮ ಮನೆಯ ಹೊಸಿಲಿನೊಳಗೆ ಕೇಳಿಕೊಳ್ಳೋಣ.

ಮಕ್ಕಾದಿಂದ ಹೊರಟ ಸುಹೈಬ್ ರೂಮಿ(ರ)ಯವರನ್ನು ಕುರೈಶರು ಅಡ್ಡಗಟ್ಟಿದಾಗ, ತಮ್ಮ ಸಂಪತ್ತನ್ನೆಲ್ಲ ಬಿಟ್ಟುಕೊಟ್ಟು ಮದೀನಾದ ದಾರಿಯನ್ನು ಕೊಂಡುಕೊಂಡರು. ಬರಿಗೈಯಲ್ಲಿ ಬಂದ ಅವರನ್ನು ಕಂಡು, ಈ ವ್ಯಾಪಾರದಲ್ಲಿ ಲಾಭವಾಯಿತೆಂದು ಪ್ರವಾದಿ(ಸ)ಯವರು ಸಂತೋಷಪಟ್ಟರು. ಲಾಭನಷ್ಟದ ಆ ತಕ್ಕಡಿ ನಮ್ಮ ಮಂಡಿಗಳಲ್ಲೂ ಮನೆಗಳಲ್ಲೂ ಇರಲಿ.

ಅಂದು ರೈಲು ಒಂದೂವರೆ ಗಂಟೆ ತಡವಾಗಿ ಬಂತು. ಆ ಹಿರಿಯರು ಹತ್ತುವಾಗ ನನ್ನ ಕೈ ಹಿಡಿದರು. “ತಡವಾಯ್ತು ಅಂತ ಗಟ್ಟಿಯಾಗಿ ಬೈದ್ವಲ್ಲ ಮೇಷ್ಟ್ರೇ, ಆಗ ಹಂಗೆ ಬಯ್ಯೋಕೆ ಆಗ್ತಿರಲಿಲ್ಲ” ಎಂದು ನಕ್ಕರು.

ಕರುಣಾಮಯನಾದ ಅಲ್ಲಾಹನು ನಮ್ಮ ನಾಡನ್ನು ಹಸಿವೆಯಿಂದಲೂ ಭಯದಿಂದಲೂ ಕಾಪಾಡಲಿ. ಆ ರಕ್ಷಣೆಗಾಗಿ ಅವನ ಹೊರತು ಬೇರೆ ಯಾರಿಗೂ ತಲೆಬಾಗದ ಧೈರ್ಯವನ್ನು ಕೊಡಲಿ. ನಮ್ಮ ಕೈಕೆಳಗಿರುವವರಿಗೆ ನಾವು ಬಾಗಿಲಿಲ್ಲದ ಬೇಲಿಗಳಾಗದಂತೆ ನಮ್ಮನ್ನು ತಡೆಯಲಿ. ಆಮೀನ್.